ಹಳೆಯ ಕೂಪೆಯ ಮೈಲಿ ಲೆಕ್ಕ

ರೈಲಿನ ಮೊದಲ ದರ್ಜೆಯ ಬೋಗಿಯಲ್ಲಿ ಇಬ್ಬರಿಗಷ್ಟೇ ಸ್ಥಳವಿರುವ ಪುಟ್ಟ ಕೋಣೆಯನ್ನು 'ಕೂಪೆ' ಎನ್ನುತ್ತಾರೆ. ಊರು ಬಿಟ್ಟು ಮುಂಬಯಿಗೋ ದೆಹಲಿಗೋ ಬಂದು ನೆಲೆಸಿದ ನಮ್ಮಲ್ಲಿ ಬಹಳ ಮಂದಿಗೆ ಆ ಪದ ಮೊದಲು ಪರಿಚಯವಾದದ್ದು ರೈಲ್ವೆಯ ಮೂಲಕವೇ. ಫ್ರೆಂಚ್ ಭಾಷೆಯಲ್ಲಿ ಅದರ ಅರ್ಥ 'ಕತ್ತರಿಸಿದ್ದು'. ನಾಲ್ವರು ಎದುರುಬದುರಾಗಿ ಕೂರುವ ಕುದುರೆ ಸಾರೋಟಿನ ಅರ್ಧಭಾಗವನ್ನು ಕತ್ತರಿಸಿ ತೆಗೆದು ಇಬ್ಬರಿಗೆ ಮಾತ್ರ ಉಳಿಸಿದಾಗ ಅದು ಕೂಪೆ ಆಯಿತು. ಸಾರೋಟಿನಿಂದ ಆ ಹೆಸರು ರೈಲಿಗೂ ಮೋಟಾರಿಗೂ ಹರಡಿತು. ಎರಡೇ ಬಾಗಿಲು, ತಗ್ಗಿದ ಚಾವಣಿ, ಉದ್ದನೆಯ ಮೂತಿ, ಹಿಂದಿನ ಸೀಟು ಇದ್ದರೂ ಇಲ್ಲದಂತೆ: ಇದು ಸ್ಪೋರ್ಟ್ಸ್ ಕೂಪೆಯ ಲಕ್ಷಣ. ಸಂಸಾರಕ್ಕೆ ಒದಗದ, ಆದರೆ ಕಣ್ಣಿಗೂ ಕಾಲಿಗೂ ಸುಖ ಕೊಡುವ ಗಾಡಿ.

ಇಲ್ಲಿ ನಾವು ನೋಡಹೊರಟಿರುವುದು ಅಂಥ ಹೊಸ ಗಾಡಿಯ ಕಥೆಯನ್ನಲ್ಲ. ಅಮೆರಿಕದಲ್ಲಿ ಕೈಯಲ್ಲಿ ಹೆಚ್ಚು ಹಣವಿಲ್ಲದ ಒಬ್ಬಾತ, ಲಕ್ಷ ಮೈಲಿಯ ಹತ್ತಿರಕ್ಕೆ ಓಡಿದ, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಅರುವತ್ತು ಸಾವಿರ ಕಿಲೋಮೀಟರಿನಷ್ಟು ಸವೆದ ಹಳೆಯ ಕೂಪೆಯೊಂದನ್ನು ಕೊಳ್ಳಲು ಹೋಗುತ್ತಾನೆ. ಆತನಿಗೂ ಮಾರುವವನಿಗೂ ನಡುವೆ ನಿಂತಿರುವುದು ಡ್ಯಾಶ್‌ಬೋರ್ಡಿನ ಮೇಲಿನ ಐದು ಅಂಕಿಗಳು. ಆ ಅಂಕಿಗಳನ್ನು ನಂಬಬಹುದೇ ಎಂಬ ಪ್ರಶ್ನೆಯ ಸುತ್ತ ಕಳೆದ ಅರ್ಧ ಶತಮಾನದಲ್ಲಿ ಒಂದು ಅರ್ಥಶಾಸ್ತ್ರವೂ ಹಲವು ಕಾನೂನುಗಳೂ ಬೆಳೆದಿವೆ. ವಿಚಿತ್ರವೆಂದರೆ, ಆ ಕಾನೂನುಗಳಲ್ಲಿ ಪ್ರತಿಯೊಂದೂ ಈ ಬಡ ಗಿರಾಕಿಯ ಮನೆಯ ಬಾಗಿಲಿನವರೆಗೆ ಬಂದು ಹೊಸ್ತಿಲಲ್ಲೇ ನಿಂತುಬಿಟ್ಟಿದೆ.

ಸಾಮಾನ್ಯರ ಕೈಗೆಟುಕುವ ಕೂಪೆಯನ್ನು ಅಮೆರಿಕಕ್ಕೆ ದೊಡ್ಡ ಪ್ರಮಾಣದಲ್ಲಿ ಕೊಟ್ಟದ್ದು ಫೋರ್ಡ್ ಮಸ್ಟಾಂಗ್. 1964ರ ಏಪ್ರಿಲ್‌ನಲ್ಲಿ ಅದು ಬಂದಾಗ ಆರಂಭದ ಬೆಲೆ 2,368 ಡಾಲರ್. ಒಳಗಿದ್ದ ಯಂತ್ರಾಂಗಗಳಲ್ಲಿ ಹೆಚ್ಚಿನವು ಫಾಲ್ಕನ್ ಎಂಬ ಸಾಧಾರಣ ಕಾರಿನವೇ. ಹೊಸದಾಗಿದ್ದದ್ದು ಮೇಲಿನ ರೂಪ. ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷ ಗಾಡಿಗಳು ತಯಾರಾದವು. ಇಷ್ಟು ಸಂಖ್ಯೆಯಲ್ಲಿ ಹೊಸ ಕೂಪೆಗಳು ರಸ್ತೆಗೆ ಇಳಿದ ಮೇಲೆ ಐದಾರು ವರ್ಷಗಳಲ್ಲಿ ಅಷ್ಟೇ ಸಂಖ್ಯೆಯಲ್ಲಿ ಹಳೆಯ ಕೂಪೆಗಳು ಮಾರಾಟಕ್ಕೆ ಬರಲೇಬೇಕು. ಕಾಲೇಜು ಹುಡುಗನೊಬ್ಬ ಬೇಸಿಗೆಯ ದುಡಿಮೆಯ ಹಣದಲ್ಲಿ ಸ್ಪೋರ್ಟ್ಸ್ ಕಾರಿನ ಕನಸು ಕಾಣುವುದು ಆಗ ಶುರುವಾಯಿತು.

ಎರಡನೆಯ ಅಲೆ ಬಂದದ್ದು ಜಪಾನಿನಿಂದ. ನಿಸ್ಸಾನ್ ಸಂಸ್ಥೆ 1969ರ ಕೊನೆಯಲ್ಲಿ ಹೊರತಂದ ಕಾರಿಗೆ ಜಪಾನಿನಲ್ಲಿ 'ಫೇರ್‌ಲೇಡಿ ಝಡ್' ಎಂಬ ಹೆಸರು. ಅಮೆರಿಕದ ಗಂಡಸರು ಈ ಹೆಸರಿನ ಕಾರನ್ನು ಮುಟ್ಟಲಾರರು ಎಂದು ಅಲ್ಲಿ ಕಂಪನಿಯ ಹೊಣೆ ಹೊತ್ತಿದ್ದ ಯುತಾಕಾ ಕಟಾಯಾಮಾ ಅವರಿಗೆ ಅನಿಸಿರಬೇಕು. ಅವರ ಒತ್ತಾಯದಿಂದ ಅದು ಅಮೆರಿಕದಲ್ಲಿ 'ಡಾಟ್ಸನ್ 240ಝಡ್' ಆಯಿತು. ಆರು ಸಿಲಿಂಡರಿನ 2.4 ಲೀಟರ್ ಎಂಜಿನ್, ಬಳುಕಿನ ಮೈಕಟ್ಟು, ಬೆಲೆ 3,526 ಡಾಲರ್. ಅದೇ ಸೊಗಸಿನ ಯುರೋಪಿನ ಗಾಡಿಗಳು ಇದಕ್ಕಿಂತ ಬಹಳ ದುಬಾರಿಯಾಗಿದ್ದವು. ಬೇಡಿಕೆ ಎಷ್ಟಿತ್ತೆಂದರೆ ಕೆಲವು ಕಾಲ ಒಂದಿಷ್ಟು ಓಡಿದ 240ಝಡ್‌ಗೆ ಹೊಸದಕ್ಕಿಂತ ಹೆಚ್ಚು ಬೆಲೆ ಬರುತ್ತಿತ್ತು.

ಲೈಸೆನ್ಸ್ ಕಾಲದ ಭಾರತವನ್ನು ಕಂಡ ಹಿರಿಯರಿಗೆ ಇದು ಹೊಸದಲ್ಲ. ಫಿಯೆಟ್ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಸರದಿ ಕಾದವರು, ಕಾಯಲಾರದೆ ಓಡಿದ ಗಾಡಿಗೇ ಹೊಸದರ ಬೆಲೆಗಿಂತ ಹೆಚ್ಚು ತೆತ್ತವರು ಮುಂಬಯಿಯಲ್ಲಿ ಬೇಕಾದಷ್ಟಿದ್ದರು. ಆ ದಿನಗಳಲ್ಲಿ ಸ್ಪೋರ್ಟ್ಸ್ ಕೂಪೆಯ ಮಾತು ನಮ್ಮ ದೇಶದಲ್ಲಿ ಇರಲಿಲ್ಲ. ಆದರೂ ಅದರ ದಾಯಾದಿಯೊಂದು ಮದರಾಸಿನಲ್ಲಿ ತಯಾರಾಗುತ್ತಿತ್ತು. 1961ರಿಂದ ಅಲ್ಲಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಟ್ಟಿದ ಎರಡು ಬಾಗಿಲಿನ 'ಸ್ಟ್ಯಾಂಡರ್ಡ್ ಹೆರಾಲ್ಡ್' ಬ್ರಿಟನ್ನಿನ ಟ್ರಯಂಫ್ ಹೆರಾಲ್ಡಿನ ಭಾರತೀಯ ರೂಪ. ಅದನ್ನು ವಿನ್ಯಾಸಗೊಳಿಸಿದವರು ಇಟಲಿಯ ಜೊವಾನಿ ಮಿಕೆಲೊತ್ತಿ. ಆ ಹೆರಾಲ್ಡಿನ ಚಾಸಿಯನ್ನೇ ತಿದ್ದಿ ಟ್ರಯಂಫ್‌ನವರು ಸ್ಪಿಟ್‌ಫೈರ್ ಎಂಬ ತೆರೆದ ಗಾಡಿಯನ್ನೂ, 1966ರಲ್ಲಿ ಜಿಟಿ6 ಎಂಬ ಕೂಪೆಯನ್ನೂ ಮಾಡಿದರು. ಚೆನ್ನೈನ ನಮ್ಮ ಓದುಗರ ಮನೆಯಲ್ಲಿ ಎಂದಾದರೂ ಹೆರಾಲ್ಡ್ ಇದ್ದಿದ್ದರೆ, ಮನೆಯವರು ಅರಿಯದೆಯೇ ಒಂದು ಕೂಪೆಯ ಸೋದರನ ಮೇಲೆ ಕುಳಿತು ಮರೀನಾ ಕಡಲ ತಡಿಗೆ ಹೋಗಿಬಂದಿದ್ದಾರೆ ಎನ್ನಬೇಕು.

240ಝಡ್ ಅಮೆರಿಕದ ಪೇಟೆಯಲ್ಲಿ ಹೆಸರು ಮಾಡುತ್ತಿದ್ದ 1970ರಲ್ಲಿಯೇ ಮತ್ತೊಂದು ವಿಷಯ ಅಚ್ಚಾಯಿತು. ಜಾರ್ಜ್ ಆಕರ್ಲಾಫ್ ಎಂಬ ಯುವ ಅರ್ಥಶಾಸ್ತ್ರಜ್ಞರ ಪ್ರಬಂಧ ಆಗಸ್ಟ್ ತಿಂಗಳ ಸಂಶೋಧನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅಮೆರಿಕದ ಆಡುಮಾತಿನಲ್ಲಿ ಕೈಕೊಡುವ ಕಾರಿಗೆ 'ನಿಂಬೆಹಣ್ಣು' ಎಂದು ಹೆಸರು. ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣಿಟ್ಟು ಮೊದಲ ಹೆಜ್ಜೆ ಹಾಕಿಸುವ ನಮಗೆ ಈ ಬೈಗುಳ ತಲೆಕೆಳಗಾಗಿ ಕಂಡರೆ ಆಶ್ಚರ್ಯವಿಲ್ಲ. ಆಕರ್ಲಾಫರ ಪ್ರಬಂಧದ ವಿಷಯ ಈ ನಿಂಬೆಹಣ್ಣುಗಳ ಮಾರುಕಟ್ಟೆ. ಅವರ ವಾದ ಸರಳ. ಹಳೆಯ ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಿ ನೋಡಲಾಗದ ಗಿರಾಕಿ ಎಲ್ಲಕ್ಕೂ ಒಂದೇ ನಡುವಿನ ಬೆಲೆ ಕೊಡಲು ಮುಂದಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಯಜಮಾನ ಮಾರಲು ಒಪ್ಪುವುದಿಲ್ಲ, ಪೇಟೆಯಿಂದ ಹಿಂದೆ ಸರಿಯುತ್ತಾನೆ. ಉಳಿದವುಗಳಲ್ಲಿ ಕೆಟ್ಟವು ಹೆಚ್ಚಾಗುತ್ತವೆ, ಬೆಲೆ ಇನ್ನೂ ಇಳಿಯುತ್ತದೆ, ಮತ್ತೊಬ್ಬ ಒಳ್ಳೆಯವನು ಹೊರಟುಹೋಗುತ್ತಾನೆ. ಕೊನೆಗೆ ವ್ಯಾಪಾರವೇ ನಿಂತರೂ ನಿಂತೀತು.

ಈ ಪ್ರಬಂಧವನ್ನು ಮೂರು ಪತ್ರಿಕೆಗಳು ತಿರಸ್ಕರಿಸಿದ್ದವು. ಎರಡರ ಆಕ್ಷೇಪ, ವಿಷಯ ತೀರ ಕ್ಷುಲ್ಲಕ ಎಂಬುದು. ಮುಂದೆ 2001ರಲ್ಲಿ ಅದಕ್ಕಾಗಿಯೇ ಆಕರ್ಲಾಫರು ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. ನಮಗೆ ಇದಕ್ಕಿಂತ ಸ್ವಾರಸ್ಯವಾಗಿ ತೋರುವುದು ಬೇರೆ. ಕರಡು ಬರೆದ ಬಳಿಕ 1967–68ರಲ್ಲಿ ಅವರು ಒಂದು ವರ್ಷ ದೆಹಲಿಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಅಚ್ಚಾದ ಪ್ರಬಂಧದಲ್ಲಿ ಭಾರತದ ಹಳ್ಳಿಯ ಲೇವಾದೇವಿಗಾರನೂ ಬರುತ್ತಾನೆ, ಮ್ಯಾನೇಜಿಂಗ್ ಏಜೆನ್ಸಿಗಳೂ ಬರುತ್ತವೆ. ಇಲ್ಲಿನ ಗೃಹಿಣಿಯೂ ಬರುತ್ತಾಳೆ: ಅಕ್ಕಿಯದೇ ಬಣ್ಣ, ಅಕ್ಕಿಯದೇ ಆಕಾರದ ಕಲ್ಲುಗಳನ್ನು ವ್ಯಾಪಾರಿ ಬೇಕೆಂದೇ ಬೆರೆಸಿರುವುದರಿಂದ ಆಕೆ ಕುಳಿತು ಒಂದೊಂದನ್ನೇ ಆರಿಸಬೇಕಾಗುತ್ತದೆ ಎಂದು ಅವರು ಬರೆಯುತ್ತಾರೆ. ಮೊರದಲ್ಲಿ ಅಕ್ಕಿ ಹರಡಿಕೊಂಡು ಬೆಳಕಿಗೆ ಕೂರುತ್ತಿದ್ದ ನಮ್ಮ ಅಜ್ಜಿಯರು ಕ್ಯಾಲಿಫೋರ್ನಿಯಾದ ಕಾರು ಕೊಳ್ಳುವವನಿಗೆ ಹೀಗೆ ಸಂಗಾತಿಗಳಾದರು. ಇಬ್ಬರ ಕೆಲಸವೂ ಒಂದೇ. ಮಾರುವವನು ಮುಚ್ಚಿಟ್ಟಿದ್ದನ್ನು ಕಣ್ಣಿನಿಂದ ಹೆಕ್ಕುವುದು. ಆ ಹೆಕ್ಕುವ ಕೂಲಿಯನ್ನು ಯಾರೂ ಕೊಡರು.

ಕಾರಿನ ಅಕ್ಕಿಯಲ್ಲಿ ಕಲ್ಲು ಬೆರೆಸುವ ಅತಿ ಸುಲಭದ ಜಾಗ ಓಡೋಮೀಟರ್, ಅಂದರೆ ಓಡಿದ ದೂರ ತೋರಿಸುವ ಎಣಿಕೆಯಂತ್ರ. ಆ ಕಾಲದ ಯಂತ್ರದಲ್ಲಿ ಅಂಕಿ ಕೊರೆದ ಪುಟ್ಟ ಚಕ್ರಗಳು ಒಂದರ ಪಕ್ಕ ಒಂದು ಇರುತ್ತಿದ್ದವು. ಗೇರ್‌ಬಾಕ್ಸಿನಿಂದ ಬರುವ ತಂತಿಯೊಂದು ತಿರುಗುತ್ತ ಅವುಗಳನ್ನು ಉರುಳಿಸುತ್ತಿತ್ತು. ಆ ತಂತಿಯನ್ನು ಕಳಚಿಟ್ಟರೆ ಗಾಡಿ ಎಷ್ಟೇ ಓಡಲಿ, ಲೆಕ್ಕಕ್ಕೆ ಸೇರದು. ಯಂತ್ರವನ್ನು ಹೊರತೆಗೆದು ಚಕ್ರಗಳನ್ನು ಕೈಯಿಂದ ಹಿಂದಕ್ಕೆ ತಿರುಗಿಸುವ ಕುಶಲಿಗಳೂ ಇದ್ದರು. ಕುಶಲತೆಯೂ ಬೇಕಿಲ್ಲದ ಮತ್ತೊಂದು ಅನುಕೂಲವಿತ್ತು. ಆಗಿನ ಹೆಚ್ಚಿನ ಅಮೆರಿಕನ್ ಕಾರುಗಳಲ್ಲಿ ಮೈಲಿಗೆ ಇದ್ದದ್ದು ಐದೇ ಸ್ಥಾನ. 99,999 ಮುಗಿದ ಕೂಡಲೇ ಮತ್ತೆ ಸೊನ್ನೆ. ಆದ್ದರಿಂದ 28,000 ಎಂದು ತೋರಿಸುವ ಗಾಡಿ ನಿಜವಾಗಿ ಅಷ್ಟೇ ಓಡಿರಬಹುದು, ಅಥವಾ 1,28,000 ಓಡಿರಬಹುದು. ಯಾರೂ ಸುಳ್ಳು ಹೇಳದೆಯೇ ಗಾಡಿ ತಾನೇ ಸುಳ್ಳು ಹೇಳುತ್ತಿತ್ತು.

ಅಮೆರಿಕದ ಸಂಸತ್ತು ಇದಕ್ಕೆ ಕೈಹಾಕಿದ್ದು 1972ರಲ್ಲಿ. ಆ ವರ್ಷದ ಮೋಟಾರು ವಾಹನ ಮಾಹಿತಿ ಕಾಯಿದೆ ಮೈಲಿಯನ್ನು ಹಿಂದಕ್ಕೆ ತಿರುಗಿಸುವುದನ್ನು ದೇಶದುದ್ದಕ್ಕೂ ಕಾನೂನುಬಾಹಿರವೆಂದು ಸಾರಿತು. ಮಾರುವವನು ಓಡಿದ ದೂರವನ್ನು ಬರೆದು ಕೊಡಬೇಕೆಂದು ವಿಧಿಸಿತು. ಮೋಸ ಹೋದವನಿಗೆ ನಷ್ಟದ ಮೂರು ಪಟ್ಟು ಅಥವಾ 1,500 ಡಾಲರ್, ಯಾವುದು ಹೆಚ್ಚೋ ಅದು ಸಿಗಬೇಕೆಂದಿತು. ಕಾಗದದ ಮೇಲೆ ಇದು ಗಟ್ಟಿ ಕಾನೂನು. ಆದರೆ ಬರೆದುಕೊಡುವುದು ಒಂದು ಬಿಡಿ ಹಾಳೆಯಲ್ಲಿ. ಅದನ್ನು ಹರಿದೆಸೆದು ಹೊಸ ಹಾಳೆ ಬರೆಯಲು ಎಷ್ಟು ಹೊತ್ತು? ಒಂದು ರಾಜ್ಯದಲ್ಲಿ ಕೊಂಡು, ಅಂಕಿ ತಿರುಗಿಸಿ, ಕಾಗದಪತ್ರದ ಬಗ್ಗೆ ಹೆಚ್ಚು ಕೇಳದ ಮತ್ತೊಂದು ರಾಜ್ಯದಲ್ಲಿ ನೋಂದಾಯಿಸಿ ಮಾರುವ ದಂಧೆ ಬೆಳೆಯಿತು. 1986ರ ಇನ್ನೊಂದು ಕಾಯಿದೆ ಬಂದ ಮೇಲೆಯೇ ಮೈಲಿಯ ಅಂಕಿ ಒಡೆತನದ ಮೂಲಪತ್ರದ ಮೈಮೇಲೆ ಬಂದದ್ದು. ಅಂಕಿ ನಿಜವಾದುದಲ್ಲ ಎಂದು ಒಪ್ಪಿಕೊಳ್ಳುವುದಕ್ಕೆ, ಎಣಿಕೆಯಂತ್ರ ತನ್ನ ಮಿತಿಯನ್ನು ದಾಟಿ ಮತ್ತೆ ಸೊನ್ನೆಯಿಂದ ಶುರುವಾಗಿದೆ ಎಂದು ತಿಳಿಸುವುದಕ್ಕೆ ಆ ಪತ್ರದಲ್ಲಿ ಬೇರೆ ಬೇರೆ ಗುರುತಿನ ಮನೆಗಳೂ ಬಂದವು.

ಇಲ್ಲಿಯೇ ನಮ್ಮ ಗಿರಾಕಿ ಕೈತಪ್ಪುವುದು. ಅದರ ಬೆನ್ನಿಗೆ ಬಂದ ನಿಯಮಗಳು ಹತ್ತು ವರ್ಷ ದಾಟಿದ ವಾಹನಕ್ಕೆ ವಿನಾಯಿತಿ ಕೊಟ್ಟವು. ಅಂಕಿ ತಿರುಗಿಸುವುದು ಆಗಲೂ ಅಪರಾಧವೇ, ಆದರೆ ಓಡಿದ ದೂರವನ್ನು ಬರೆದುಕೊಡುವ ಹೊಣೆ ಇಲ್ಲ. ಮೂಲಪತ್ರದಲ್ಲಿ 'ವಿನಾಯಿತಿ' ಎಂಬ ಒಂದು ಪದ ಸಾಕು. ಅಷ್ಟು ಹಳೆಯ ಗಾಡಿಯ ಬೆಲೆ ಮೈಲಿಯ ಮೇಲೆ ನಿಂತಿರುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಹಾಲು ತರುವ ಗಾಡಿಗೆ ಈ ಮಾತು ಸರಿಹೋದೀತು. ಕೂಪೆಗೆ ಸರಿಹೋಗದು. ಹತ್ತು ವರ್ಷ ದಾಟಿದ ಮೇಲೆಯೇ ಅದು ಬಡವನ ಕೈಗೆ ಬರುವುದು, ಮತ್ತು ಆ ವಯಸ್ಸಿನಲ್ಲಿ ಕಡಿಮೆ ಓಡಿದ ಕೂಪೆಗೂ ಹೆಚ್ಚು ಓಡಿದ ಕೂಪೆಗೂ ಬೆಲೆಯಲ್ಲಿ ಬಹಳ ಅಂತರ. ಅಂಕಿಗೆ ಅತಿ ಹೆಚ್ಚು ಬೆಲೆ ಬರುವ ಹೊತ್ತಿಗೆ ಅಂಕಿಯ ಕಾವಲು ಎದ್ದುಹೋಗಿರುತ್ತಿತ್ತು.

ಅಂಗಡಿಯವನ ಬಾಯಿ ಬಿಡಿಸುವ ಪ್ರಯತ್ನವೂ ಒಂದು ನಡೆಯಿತು. ಹಳೆ ಕಾರಿನ ವ್ಯಾಪಾರಿ ತನಗೆ ಗೊತ್ತಿರುವ ದೋಷಗಳನ್ನು ಚೀಟಿಯಲ್ಲಿ ಬರೆದು ಗಾಜಿನ ಮೇಲೆ ಅಂಟಿಸಬೇಕೆಂದು ಫೆಡರಲ್ ಟ್ರೇಡ್ ಕಮಿಷನ್ 1981ರಲ್ಲಿ ನಿಯಮ ಮಾಡಿತು. 1982ರಲ್ಲಿ ಸಂಸತ್ತಿನ ಎರಡೂ ಸದನಗಳು ಅದನ್ನು ತಳ್ಳಿಹಾಕಿದವು. ಹಾಗೆ ತಳ್ಳಿಹಾಕುವ ಅಧಿಕಾರವೇ ಸಂವಿಧಾನಬದ್ಧವಲ್ಲ ಎಂಬ ತೀರ್ಪು ಮರುವರ್ಷ ಸುಪ್ರೀಂ ಕೋರ್ಟಿನಿಂದ ಹೊರಬಿತ್ತು. ಗೆದ್ದ ಕಮಿಷನ್ 1984ರಲ್ಲಿ ನಿಯಮವನ್ನು ಮತ್ತೆ ಹೊರಡಿಸಿತು, ಆದರೆ ಗೊತ್ತಿರುವ ದೋಷಗಳನ್ನು ಹೇಳಬೇಕೆಂಬ ಮಾತನ್ನು ತಾನೇ ಕೈಬಿಟ್ಟಿತು. ಉಳಿದದ್ದು ಗಾಜಿನ ಮೇಲಿನ ಒಂದು ಚೀಟಿ: ಖಾತರಿ ಉಂಟೋ, ಅಥವಾ 'ಇದ್ದ ಹಾಗೇ' ಮಾರಾಟವೋ ಎಂದು ಅದು ಹೇಳುತ್ತದೆ. ಅದೂ ವ್ಯಾಪಾರಿಗಳಿಗೆ ಮಾತ್ರ. ಕಡಿಮೆ ಹಣದ ಕೂಪೆಗಳು ಕೈ ಬದಲಾಯಿಸುವುದು ಬಹುಪಾಲು ಮನೆಯ ಮುಂದೆ, ಒಬ್ಬ ಯಜಮಾನನಿಂದ ಮತ್ತೊಬ್ಬನಿಗೆ. ಅಲ್ಲಿ ಚೀಟಿಯೂ ಇಲ್ಲ. ಕೋರ್ಟಿನಲ್ಲಿ ಗೆದ್ದು ಪೇಟೆಯಲ್ಲಿ ಸೋತ ಈ ಪ್ರಸಂಗ ನಮಗೆ ಇಡೀ ಚರಿತ್ರೆಯಲ್ಲಿ ಅತ್ಯಂತ ಬೇಸರದ್ದಾಗಿ ಕಾಣುತ್ತದೆ.

ಸರ್ಕಾರ ಬಿಟ್ಟ ಜಾಗವನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ವ್ಯಾಪಾರವೇ. 1981ರ ಮಾದರಿಗಳಿಂದ ಪ್ರತಿ ಕಾರಿಗೂ ಹದಿನೇಳು ಅಕ್ಷರಾಂಕಿಗಳ ಒಂದೇ ಬಗೆಯ ಗುರುತು ಸಂಖ್ಯೆ ಕಡ್ಡಾಯವಾಯಿತು. 1984ರಲ್ಲಿ ಮಿಸ್ಸೂರಿಯಲ್ಲಿ ಹುಟ್ಟಿದ ಕಾರ್‌ಫ್ಯಾಕ್ಸ್ ಎಂಬ ಸಂಸ್ಥೆ ಆ ಸಂಖ್ಯೆಯ ದಾರ ಹಿಡಿದು ಗಾಡಿಯ ಹಳೆಯ ಮೈಲಿ ದಾಖಲೆಗಳನ್ನು ಒಂದೆಡೆ ಪೋಣಿಸಿ ಮಾರತೊಡಗಿತು. ಅದರ ಮೊದಲ ಗುರಿಯೇ ಮೈಲಿ ಮೋಸ. ಆದರೆ 240ಝಡ್‌ನಂಥವು 1981ಕ್ಕಿಂತ ಮೊದಲು ಹುಟ್ಟಿದವು. ಅವುಗಳಿಗೆ ಆ ದಾರವೇ ಇಲ್ಲ.

ಹೀಗಾಗಿ ಕೂಪೆ ಕೊಳ್ಳುವವರು ತಮ್ಮದೇ ಮೊರವನ್ನು ಹಿಡಿಯಬೇಕಾಯಿತು. ಅವರು ಕಲಿತ ಮೊದಲ ಪಾಠ, ಮೈಲಿ ಎಲ್ಲ ಗಾಡಿಗೂ ಒಂದೇ ಅರ್ಥ ಕೊಡುವುದಿಲ್ಲ ಎಂಬುದು. 240ಝಡ್‌ನ ಎಂಜಿನ್ ದೀರ್ಘಾಯುಷಿ. ಎಣ್ಣೆ ಬದಲಿಸುತ್ತ ಬಂದರೆ ಲಕ್ಷ ಮೈಲಿ ಅದಕ್ಕೆ ಮುಪ್ಪಲ್ಲ. ಅದನ್ನು ಕೊಲ್ಲುವುದು ತುಕ್ಕು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ಬ್ಯಾಟರಿಯ ಕೆಳಗಿನ ತಟ್ಟೆ, ಕಾಲಿಡುವ ನೆಲ, ಅದರಡಿಯ ಉದ್ದನೆಯ ತೊಲೆಗಳು ಕಾಗದದಂತೆ ಕರಗುತ್ತಿದ್ದವು. ಪ್ರತ್ಯೇಕ ಚಾಸಿ ಇಲ್ಲದ ಗಾಡಿಯಾದ್ದರಿಂದ ತೊಲೆ ಕರಗಿದರೆ ಬೆನ್ನೆಲುಬೇ ಹೋದಂತೆ. ಒಣಹವೆಯ ಅರಿಜೋನಾದಲ್ಲಿ ಒಂದೂವರೆ ಲಕ್ಷ ಮೈಲಿ ಓಡಿದ ಗಾಡಿ, ಮಿಷಿಗನ್‌ನಲ್ಲಿ ಐವತ್ತು ಸಾವಿರ ಓಡಿದ್ದಕ್ಕಿಂತ ಎಷ್ಟೋ ವಾಸಿ. ಜಾಣ ಗಿರಾಕಿ ಜೇಬಿನಲ್ಲಿ ಅಯಸ್ಕಾಂತವಿಟ್ಟುಕೊಂಡು ಹೋಗುತ್ತಿದ್ದ. ತುಕ್ಕು ಹಿಡಿದ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಅಯಸ್ಕಾಂತ ಅಲ್ಲಿ ಅಂಟದು.

ಮಾಜ್ದಾ ಕಂಪನಿ 1978ರಲ್ಲಿ ತಂದ ಆರ್‌ಎಕ್ಸ್-7 ಇದಕ್ಕೆ ತದ್ವಿರುದ್ಧ. ಅದರಲ್ಲಿ ಪಿಸ್ಟನ್ನಿನ ಬದಲು ಮೂರು ಮೂಲೆಯ ರೋಟರ್ ತಿರುಗುತ್ತದೆ. ಆ ಮೂಲೆಗಳ ಸೀಲುಗಳು ಓಡಿದಂತೆಲ್ಲ ಸವೆಯುತ್ತವೆ. ಇಲ್ಲಿ ಮೈಲಿ ಬಹಳ ಮುಖ್ಯ. ಆದರೂ ಅಂಕಿ ನೋಡುವುದಕ್ಕಿಂತ ಒಳಗಿನ ಒತ್ತಡವನ್ನು ಅಳೆಸುವುದು ಒಳ್ಳೆಯದು. 1982ರ ಪೋರ್ಷ 944 ಇನ್ನೊಂದು ಬಗೆ. ಅದರ ಟೈಮಿಂಗ್ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಎಂಜಿನ್ನಿನ ತಲೆಯೇ ಹಾಳಾಗುತ್ತದೆ. ಗೇರ್‌ಬಾಕ್ಸ್ ಹಿಂಬದಿಯಲ್ಲಿರುವುದರಿಂದ ಕ್ಲಚ್ ಬದಲಿಸಲು ಅರ್ಧ ಗಾಡಿ ಬಿಚ್ಚಬೇಕು. ಬೆಲ್ಟನ್ನು ಕಾಲಕಾಲಕ್ಕೆ ಬದಲಿಸಿದ ರಸೀದಿಗಳಿರುವ 1,20,000 ಮೈಲಿಯ ಗಾಡಿಯನ್ನು, ಹದಿನೈದು ವರ್ಷದಿಂದ ಮೂಲ ಬೆಲ್ಟಿನಲ್ಲೇ ಇರುವ 40,000 ಮೈಲಿಯ ಗಾಡಿಗಿಂತ ಮೇಲೆಂದು ಎಣಿಸಬೇಕು.

944ರ ಉದಾಹರಣೆ ಕಡಿಮೆ ಹಣದವನ ನಿಜವಾದ ಸಂಕಟವನ್ನೂ ಹೊರಗೆಡಹುತ್ತದೆ. ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ. ಬಿಡಿಭಾಗದ ಬೆಲೆ ಇಳಿಯುವುದಿಲ್ಲ, ಮೆಕ್ಯಾನಿಕ್ಕಿನ ಕೂಲಿ ಏರುತ್ತಲೇ ಹೋಗುತ್ತದೆ. ಹಳೆಯ ಕೊರೊಲಾದ ಬೆಲೆಗೇ ಪೋರ್ಷ ಸಿಕ್ಕಿತೆಂದು ಹಿಗ್ಗಿದವನು ರಿಪೇರಿಯ ದಿನ ಪೋರ್ಷದ ದರವನ್ನೇ ತೆರಬೇಕು. ಆನೆಯನ್ನು ದಾನವಾಗಿ ಪಡೆದವನಿಗೂ ಮೇವಿನ ಖರ್ಚು ತಪ್ಪದು. ಮೊದಲ ಯಜಮಾನ ಹಣವಂತನಾಗಿದ್ದು ಮೇವು ಹಾಕಿದ್ದ. ಮೂರನೆಯವನೋ ನಾಲ್ಕನೆಯವನೋ ಹಾಕಲಾರದೆ ಮಾರಲು ನಿಂತಿರುತ್ತಾನೆ. ಅವನು ಮೋಸಗಾರನೇ ಆಗಿರಬೇಕಿಲ್ಲ. ಕೈಯಲ್ಲಿದ್ದ ಹಣವನ್ನೆಲ್ಲ ಕೊಂಡ ದಿನವೇ ಸುರಿದು, ಬೆಲ್ಟಿಗೆಂದು ಏನೂ ಉಳಿಸಿಕೊಳ್ಳದವನಿರಬಹುದು.

ಆ ಉಳಿದ ಮೇವಿನ ಬಾಕಿ ಎಷ್ಟೆಂಬುದನ್ನು ಒಮ್ಮೆ ತಯಾರಕರೇ ಲೆಕ್ಕ ಹಾಕಿ ತೋರಿಸಿದರು. 1996ರಲ್ಲಿ ಅಮೆರಿಕದಲ್ಲಿ ಝಡ್ ಸಾಲಿನ ಕಾರು ನಿಂತುಹೋಯಿತು. ಹೆಸರು ಮರೆಯಾಗಬಾರದೆಂದು ನಿಸ್ಸಾನ್ ಸಂಸ್ಥೆ ಅಲ್ಲಿಯ ಹಳೆಯ 240ಝಡ್‌ಗಳನ್ನು ತಾನೇ ಕೊಂಡು, ಪೂರ್ತಿ ಬಿಚ್ಚಿ, ಹೊಸದರಂತೆ ಕಟ್ಟಿಸಿ, ಆಯ್ದ ಕೆಲವು ಅಂಗಡಿಗಳಲ್ಲಿ ಮಾರಾಟಕ್ಕಿಟ್ಟಿತು. ಒಂದರ ಬೆಲೆ ಸುಮಾರು 25,000 ಡಾಲರ್. ಹುಟ್ಟಿದಾಗಿನ ಬೆಲೆಯ ಏಳು ಪಟ್ಟು. ತನ್ನದೇ ನಕ್ಷೆ, ತನ್ನದೇ ಬಿಡಿಭಾಗಗಳಿದ್ದ ಕಂಪನಿಗೂ ಆ ಬೆಲೆಯಲ್ಲಿ ಗಿಟ್ಟಲಿಲ್ಲ. ಐವತ್ತು ಗಾಡಿಗಳೂ ಆಗುವ ಮೊದಲೇ ಯೋಜನೆ ಮುಚ್ಚಿತು. ಇಷ್ಟೇ ಕೆಲಸವನ್ನು ಒಬ್ಬ ತರುಣ ವಾರಾಂತ್ಯಗಳಲ್ಲಿ ಮನೆಯ ಶೆಡ್ಡಿನಲ್ಲಿ ಮಾಡಿ ಮುಗಿಸುತ್ತೇನೆಂದು ಹೊರಡುವುದನ್ನು ನೆನೆದರೆ ಮರುಕವೂ ಮೆಚ್ಚುಗೆಯೂ ಒಟ್ಟಿಗೆ ಹುಟ್ಟುತ್ತವೆ. ಮುಗಿಸಿದವರೂ ಇದ್ದಾರೆ. ಇಂದು ರಸ್ತೆಯ ಮೇಲಿರುವ 240ಝಡ್‌ಗಳಲ್ಲಿ ಅನೇಕವು ಅಂಥವರ ಕೈಯಲ್ಲಿ ಬದುಕಿದವು.

ಎಣಿಕೆಯ ಚಕ್ರಗಳು ಹೋಗಿ ಈಗ ಚಿಪ್ ಬಂದಿದೆ. ತಿರುಗಿಸುವವರು ಕಡಿಮೆಯಾಗಲಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜಿನಂತೆ ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಗಾಡಿಗಳು ಸುಳ್ಳು ಮೈಲಿಯೊಡನೆ ಮಾರಾಟವಾಗುತ್ತವೆ. ಕಾರುಗಳು ಈಗ ಹೆಚ್ಚು ಕಾಲ ಬಾಳುತ್ತವೆಂಬುದನ್ನು ಕೊನೆಗೂ ಒಪ್ಪಿಕೊಂಡ ಇಲಾಖೆ, 2021ರಿಂದ ವಿನಾಯಿತಿಯ ಗಡುವನ್ನು ಹತ್ತರಿಂದ ಇಪ್ಪತ್ತು ವರ್ಷಕ್ಕೆ ಏರಿಸಿತು. ಹೊಸ ಗಡುವು ಅನ್ವಯಿಸುವುದು 2011ರ ಮತ್ತು ಅನಂತರದ ಮಾದರಿಗಳಿಗೆ. 240ಝಡ್‌ನ ಮೊಮ್ಮಗನೆನ್ನಬಹುದಾದ 350ಝಡ್ ಪೇಟೆಗೆ ಬಂದದ್ದು 2002ರಲ್ಲಿ, 26,000 ಡಾಲರಿಗೆ ತುಸು ಮೇಲಿನ ಬೆಲೆಯಲ್ಲಿ. ಇಂದು ಅಲ್ಲಿ ಕಡಿಮೆ ಹಣದವನು ಮೊದಲು ಹುಡುಕುವ ಕೂಪೆಗಳಲ್ಲಿ ಅದೂ ಒಂದು. ಲಕ್ಷ ಮೈಲಿ ದಾಟಿದವು ಧಾರಾಳವಾಗಿ ಸಿಗುತ್ತವೆ. ಅವುಗಳ ಮೂಲಪತ್ರದಲ್ಲಿ, ಓಡಿದ ದೂರ ಬರೆಯಬೇಕಾದ ಜಾಗದಲ್ಲಿ, 'ವಿನಾಯಿತಿ' ಎಂದು ಬರೆದರೆ ಸಾಕು.